ಹುಲ್ಲು ಕೊಯ್ಯುವ ದಿನದ ಬೇಸಲ್ ರೇಟು

ಅಕ್ಕಿಹೆಬ್ಬಾಳಿನ ಅರ್ಪಿತ ಸೊಂಟಕ್ಕೆ ಇನ್ಸುಲಿನ್ ಪಂಪು ಸಿಕ್ಕಿಸಿಕೊಂಡು ಎರಡು ತಿಂಗಳಾಗಿತ್ತು. ಅದು ದಿನವಿಡೀ ಹನಿಹನಿಯಾಗಿ ಇನ್ಸುಲಿನ್ ಬಿಡುತ್ತಿತ್ತು. ಗಂಟೆಗೆ ಎಷ್ಟು ಬಿಡಬೇಕೆಂಬ ಬೇಸಲ್ ರೇಟು ಮಾತ್ರ ಹದಕ್ಕೆ ಬರುತ್ತಿರಲಿಲ್ಲ. ಸೋಮವಾರ ಸಕ್ಕರೆ ಇನ್ನೂರೈವತ್ತು ದಾಟಿತು. ಡಾಕ್ಟರು ಫೋನಿನಲ್ಲಿ ಹೇಳಿದಂತೆ ರೇಟು ಏರಿಸಿದಳು. ಮಂಗಳವಾರ ಹಸುಗಳಿಗೆ ಹುಲ್ಲು ಕೊಯ್ಯುವಾಗ ಸಕ್ಕರೆ ತೀರಾ ಇಳಿದು ಕೈ ನಡುಗಿ, ಮೈ ಬೆವರಿ, ಗದ್ದೆ ಬದುವಿನ ಮೇಲೆ ಕುಸಿದಳು.

ಅತ್ತೆ ದ್ಯಾವಮ್ಮ ಓಡಿ ಬಂದು ಬಾಯಿಗೆ ಬೆಲ್ಲ ಹಾಕಿದಳು. “ಕಿತ್ತಾಕವ್ವ ಆ ಡಬ್ಬೀನ! ಸೂಜಿನೇ ವಾಸಿಯಾಗಿತ್ತು.”

“ಏರ್ಸುದ್ರೂ ತಪ್ಪು, ಇಳ್ಸುದ್ರೂ ತಪ್ಪು. ನಂಗೂ ಸಾಕಾಗೋಗೈತೆ ಕಣತ್ತೆ,” ಎಂದು ಅರ್ಪಿತ ಕುಡುಗೋಲು ಎಸೆದಳು.

“ನೆನ್ನೆ ನಿನ್ ಗಂಡ ಹುಲ್ಲು ಕೊಯ್ದ, ನೀನು ಮನೇಲಿದ್ದೆ. ಇವತ್ತು ಬೆವರು ಸುರ್ಸಿ ದುಡ್ದೆ. ಎರಡು ದಿನಕ್ಕೂ ಒಂದೇ ಅಳತೆ ಆಯ್ತದಾ?” ಎಂದಳು ದ್ಯಾವಮ್ಮ.

ಇಷ್ಟು ದಿನ ಡಾಕ್ಟರಿಗೆ ತಾನು ಬರೀ ಸಕ್ಕರೆಯ ಅಂಕಿ ಹೇಳುತ್ತಿದ್ದೆನೇ ಹೊರತು ಕೆಲಸದ ಸುದ್ದಿ ಎತ್ತಿರಲಿಲ್ಲವೆಂದು ಅರ್ಪಿತಳಿಗೆ ಹೊಳೆಯಿತು. ಅಂದೇ ಹೇಳಿದಳು. ಅವರು ಹುಲ್ಲು ಕೊಯ್ಯುವ ದಿನಕ್ಕೊಂದು, ಮನೆಯಲ್ಲಿರುವ ದಿನಕ್ಕೊಂದು ರೇಟು ಕೊಟ್ಟರು.

ಬುಧವಾರ ಹುಲ್ಲು ಕೊಯ್ದು ಬಂದಾಗ ಕೈ ನಡುಗಲಿಲ್ಲ. ಆದರೆ ಸಕ್ಕರೆ ಇನ್ನೂರರ ಹತ್ತಿರವಿತ್ತು.

“ಥೂ, ಇದರ ಮನೆ ಹಾಳಾಗ,” ಎಂದು ಬೈಯುತ್ತಲೇ ಅರ್ಪಿತ ಮತ್ತೆ ಡಾಕ್ಟರಿಗೆ ಫೋನು ಹಚ್ಚಿದಳು.