ಕಿಟಕಿ ತೆರೆಯುವವರೆಗೆ

ಅರಮನೆ ಹೋಟೆಲಾಗಿತ್ತು, ಕಾಡು ಸರಕಾರದ ಪಾಲಾಗಿತ್ತು. ದೊರೆಸಾನಿ ವಾಲ್ಬುರ್ಗಾ ಬೇಕರಿಯ ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದಳು. ಆದರೂ ಐಶೆನ್‌ಬ್ರುನ್‌ ಊರಿನ ಚರ್ಚಿನಲ್ಲಿ ಜನರಿಗಿಂತ ಎತ್ತರದಲ್ಲಿ ಕೂರಲು ಕಟ್ಟಿಸಿದ್ದ ಅವಳ ಮನೆತನದ ಮಹಡಿಗೂಡು, ಗಾಜಿನ ಕಿಟಕಿ ಸಮೇತ, ಇನ್ನೂ ಅವಳದೇ. ಭಾನುವಾರ ಅವಳು ಮೆಟ್ಟಿಲು ಹತ್ತಿ ಕಿಟಕಿ ತೆರೆದು ಕೂರುವುದಕ್ಕೂ, ಪ್ರಾರ್ಥನೆಗೆ ಕರೆಯುವ ಗಂಟೆ ಬಾರಿಸಿ ನಿಲ್ಲುವುದಕ್ಕೂ ಸರಿಹೋಗುತ್ತಿತ್ತು. ಎಲ್ಲ ಹೋದರೂ ನಮ್ಮ ಮನೆತನದ ಸಮಯಪಾಲನೆ ಹೋಗಿಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ. ಪಾಪ, ಮುದುಕಿಗೆ ಉಳಿದಿದ್ದ ಆಸ್ತಿ ಅದೊಂದೇ.

ಈ ಭಾನುವಾರ ಮಂಡಿ ಕೈಕೊಟ್ಟಿತು. ಎಷ್ಟು ಹೆಣಗಿದರೂ ಮೆಟ್ಟಿಲ ಮೇಲೆ ಕಾಲು ಏಳಲಿಲ್ಲ. ಮನೆಗೆ ಮರಳೋಣವೆಂದರೆ ಮಾನದ ಪ್ರಶ್ನೆ. ಕೆಳಗೆ ಜನರ ನಡುವೆ ಕೂರೋಣವೆಂದರೆ ಅಲ್ಲಿ ಪ್ರತಿ ಬೆಂಚಿಗೂ ತಲತಲಾಂತರದ ವಾರಸುದಾರರು. ಅವಳ ಅಜ್ಜ ಅದೇ ಬೆಂಚುಗಳಲ್ಲಿ ತೂಕಡಿಸಿದವರನ್ನು ಮೇಲಿನಿಂದಲೇ ಹೆಸರು ಹಿಡಿದು ಗದರುತ್ತಿದ್ದ. ಅವರ ಮೊಮ್ಮಕ್ಕಳು ತನಗೇಕೆ ಜಾಗ ಕೊಟ್ಟಾರು? ಅವಳು ಕಂಬಕ್ಕೆ ಆನಿಕೊಂಡು ನಿಂತಳು.

ಮಾಂಸದಂಗಡಿಯ ಇರ್ಮ್‌ಗಾರ್ಡ್‌ ಬಾಯಿ ಜೋರಿನ ಹೆಂಗಸು. ಅವಳೇ ಮೊದಲು ನೋಡಿದ್ದು.

"ಏನ್ ದೊರೆಸಾನಮ್ಮ, ಕಂಬಕ್ಕೆ ಕಾವಲು ನಿಂತಿದ್ದೀರಾ? ಬನ್ನಿ ಇಲ್ಲಿ." ಆಮೇಲೆ ಗಂಡನ ಪಕ್ಕೆಗೆ ತಿವಿದಳು. "ಸ್ವಲ್ಪ ಸರೀರಿ, ಬೆಂಚೆಲ್ಲಾ ನಿಮ್ದೇನಾ?"

ವಾಲ್ಬುರ್ಗಾ ಕೂತಳು. ಅಕ್ಕಪಕ್ಕದ ಮೈಗಳ ಬಿಸುಪು ತಾಗಿ ಅವಳಿಗೆ ಹಿತವೆನಿಸಿತು. ಆದರೆ ಗಂಟೆ ನಿಲ್ಲಲೊಲ್ಲದು. ಪಾದ್ರಿ ಕತ್ತೆತ್ತಿ ಖಾಲಿ ಗೂಡನ್ನೇ ನೋಡುತ್ತಿದ್ದರು.

"ಗಂಟೆಯವನಿಗೆ ಏನಾಗಿದೆ ಇವತ್ತು? ಹೊತ್ತು ಮೀರ್ತಲ್ಲ!" ಎಂದು ಅವಳು ಸಿಡುಕಿದಳು.

ಇರ್ಮ್‌ಗಾರ್ಡ್‌ ಅವಳ ಮುಖವನ್ನೇ ನೋಡಿದಳು. "ನೀವು ಕಿಟಕಿ ತೆಗೆಯೋವರೆಗೂ ಅವ್ನು ಗಂಟೆ ನಿಲ್ಸಲ್ಲ. ನಿಮ್ಮಜ್ಜನ ಕಾಲದಿಂದ್ಲೂ ಹಾಗೇ. ನಿಮಗೆ ಗೊತ್ತಿರ್ಲಿಲ್ವಾ?"

"ಹಾಗಾದ್ರೆ ನಾನು... ತಡವಾಗಿ ಬಂದಿದ್ದೂ ಉಂಟಾ?"

"ಉಂಟಾ ಅಂತೀರಲ್ಲ! ಹೋದ ಚಳಿಗಾಲ ಪೂರ್ತಿ ನೀವು ಮೆಟ್ಟಿಲು ಹತ್ತೋಕೆ ಒದ್ದಾಡ್ತಿದ್ರಿ, ನಮ್ಮ ಕಿವಿ ತೂತಾಗ್ತಿತ್ತು. ಮನೇಲಿ ಒಲೆ ಮೇಲಿಟ್ಟು ಬಂದ ಮಾಂಸ ಎಷ್ಟು ಸಲ ಸೀದೋಯ್ತೋ. ಹೇಳೋಕೆ ಮಾತ್ರ ಯಾರಿಗೂ ಮನಸ್ಸು ಬರ್ಲಿಲ್ಲ."

ಮುದುಕಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಇಷ್ಟು ವರ್ಷ ತಾನು ಕಾಪಾಡಿಕೊಂಡು ಬಂದೆ ಎಂದುಕೊಂಡಿದ್ದ ಹೆಮ್ಮೆಯನ್ನು ಇವರು ಕಾಪಾಡಿಕೊಂಡು ಬಂದಿದ್ದರು. ಅವಳು ಮುಂದಿನ ಬೆಂಚನ್ನು ಹಿಡಿದು, ನೋವು ನುಂಗಿ ಎದ್ದು ನಿಂತಳು.

"ಪಾದ್ರಿಗಳೇ, ನಾನು ಇಲ್ಲಿದ್ದೀನಿ," ಎಂದಳು. ಅವಳ ಮನೆತನದವರು ಆ ಚರ್ಚಿನಲ್ಲಿ ಎಂದೂ ಆಡದ ಮಾತನ್ನೂ ಸೇರಿಸಿದಳು: "ತಡ ಆಯ್ತು. ಎಲ್ರೂ ಕ್ಷಮಿಸಿ."

ಗಂಟೆ ನಿಂತಿತು. ಇರ್ಮ್‌ಗಾರ್ಡ್‌ ತನ್ನ ಹಾಡಿನ ಪುಸ್ತಕವನ್ನು ಅರ್ಧ ಅವಳ ಕಡೆಗೆ ಸರಿಸಿದಳು.

"ಇನ್ಮೇಲೆ ಇಲ್ಲೇ ಕೂತ್ಕೊಳ್ಳಿ," ಎಂದು ಪಿಸುಗುಟ್ಟಿದಳು. "ನಮ್ಮನೆ ಮಾಂಸನಾದ್ರೂ ಉಳಿಯುತ್ತೆ. ಮಧ್ಯಾಹ್ನ ಊಟಕ್ಕೆ ಬನ್ನಿ."