ಶ್ರೀ ಎಂದಷ್ಟೇ ಬರೆದ ಫೈಲು

ರಸ್ತೆಯ ತುಂಬ ರಾಗಿ ತೆನೆ ಹರವಿದ್ದಾರೆ, ಬಸ್ಸು ಅದರ ಮೇಲೆ ಹಾಯುವಾಗ ಚಕ್ರದ ಸದ್ದು ಮೆತ್ತಗಾಗುತ್ತದೆ, ಆಮೇಲೆ ಮತ್ತೆ ಜಲ್ಲಿಯ ಗರಗರ — ಒಳ್ಳೆ ಉಪಾಯ, ರೋಣಗಲ್ಲು ಬೇಡ, ಎತ್ತು ಬೇಡ, ಹೋಗಿ ಬರುವ ಬಸ್ಸೇ ಒಕ್ಕಣೆ ಮಾಡಿಕೊಡುತ್ತದೆ, ಡ್ರೈವರನಿಗೆ ಯಾರೂ ಹೇಳಬೇಕಾಗಿಲ್ಲ, ನಾನೂ ಹೀಗೇ ಅಂದುಕೊಂಡಿದ್ದೆನಲ್ಲ, ಯಾರೂ ಯಾರಿಗೂ ಹೇಳಬೇಕಾಗಿಲ್ಲ, ತಾನಾಗಿಯೇ ಆಗುತ್ತದೆ ಎಂದು. ಡಬ್ಬ ಮೇಲೆ ಹಾಕ್ರಿ ಸಾರ್, ಟಾಪಲ್ಲಿ ಜಾಗ ಐತೆ, ಕಂಡಕ್ಟರ್ ಮತ್ತೆ ಬಂದ, ಬ್ಯಾಡಪ್ಪ, ಔಷಧ ಐತೆ, ತೊಡಿ ಮ್ಯಾಲೇ ಇರ್ಲಿ. ತೊಡೆ ಜೋಮು ಹಿಡಿದಿದೆ, ಹಿಡಿಯಲಿ, ಇದು ಕಳೆದ ತಿಂಗಳೇ ಜಗಳೂರು ಮುಟ್ಟಬೇಕಾಗಿದ್ದ ಡಬ್ಬ, ಕ್ಷಯದ ಮಾತ್ರೆ, ಕೆಂಪು ಗುಳಿಗೆ, ಒಂದು ದಿನವೂ ಬಿಡಬಾರದು ಎಂದು ನಮ್ಮ ಟ್ರಸ್ಟಿನ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದವರು ನಾವೇ, ಬಿಟ್ಟರೆ ರೋಗ ಮದ್ದಿಗೆ ಬಗ್ಗುವುದಿಲ್ಲ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ. ಜಗಳೂರಿನ ರೋಗಿ ಇಮಾಮ್‌ಬೀಗೆ ಮತ್ತೆ ಕಫದಲ್ಲಿ ರಕ್ತ ಬರುತ್ತಿದೆಯಂತೆ. ಸಂತೇಬೆನ್ನೂರು ದಾಟಿತು, ದಾವಣಗೆರೆಯಲ್ಲಿ ಬಸ್ಸು ಬದಲಿಸಬೇಕು.

ಮೊದಲು ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು, ಅದೇ ಸುಡುವುದು. ಚನ್ನಗಿರಿಯ ಆ ತಣ್ಣನೆ ಕೋಣೆ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬನ್ನಿ, ದೇವರ ಮನೆಗಿಂತ ಮಡಿ, ಒಂದು ದೊಡ್ಡ ಕಂಪ್ಯೂಟರ್ ಮೆಷಿನ್, ಅದಕ್ಕೆ ತಂತಿ ಕಟ್ಟಿದ ನಾಲ್ಕು ಪರದೆ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಊರಿನ ಲೆಕ್ಕಕ್ಕೊಂದು, ಊರಿಗೊಬ್ಬಳು ಟೈಪಿಸ್ಟು. ತಿಂಗಳಿಗೊಮ್ಮೆ ರೋಗಿಗಳ ಕಾರ್ಡು ಬಸ್ಸಿನಲ್ಲಿ ಬರುತ್ತವೆ, ಅವರು ಹೆಸರು ಹೊಡೆದು ಮುಗಿಸಿ ಕೂಗುತ್ತಾರೆ, ಹೊನ್ನಾಳಿ ಮುಗೀತ್ರಿ ಸಾರ್, ನ್ಯಾಮತಿ ಮುಗೀತ್ರಿ ಸಾರ್, ನಾನು ಎದ್ದು ಹೋಗಿ ಆ ಊರಿನ ಔಷಧದ ಚೀಟಿ ಅಚ್ಚಾಗಲು ಹೇಳುತ್ತೇನೆ, ಕೆಳಗಿನ ಸ್ಟೋರಿನವರು ಚೀಟಿ ನೋಡಿ ಡಬ್ಬ ಕಟ್ಟುತ್ತಾರೆ. ಇದರಲ್ಲಿ ಏನು ಕಷ್ಟವಿತ್ತು ನನಗೆ? ಏಳಬೇಕು, ಅಷ್ಟೇ. ಚಹಾ ಕುಡಿಯುತ್ತಿದ್ದರೂ ಸಾರ್, ಪೇಪರು ಓದುತ್ತಿದ್ದರೂ ಸಾರ್, ನಾನೇನು ಹೋಟೆಲ್ ಮಾಣಿಯೇ ಕರೆದಾಗಲೆಲ್ಲ ಓಡಿ ಬರಾಕೆ ಎಂದು ಒಂದು ದಿನ ಅಂದೂಬಿಟ್ಟೆ, ಹುಡುಗಿಯರು ನಕ್ಕರು. ದೀಪಾವಳಿ ರಜೆಯಲ್ಲಿ ಕೂತು ಮೆಷಿನ್ನಿಗೆ ಒಂದು ಪ್ರೋಗ್ರಾಂ ಬರೆದೆ. ಕಾವಲು ಎಂದು ಹೆಸರಿಟ್ಟವನೂ ನಾನೇ, ಸಂಭ್ರಮ ಏನು ಕಡಿಮೆಯೇ, ಮೆಷಿನ್ನೇ ಆಗಾಗ ಇಣುಕಿ ನೋಡುತ್ತದೆ, ಊರಿನ ಹೆಸರಿನ ಫೈಲು ಬಂತೋ ಇಲ್ಲವೋ, ಬಂದಿದ್ದರೆ ತಾನೇ ಚೀಟಿ ಅಚ್ಚು ಹಾಕುತ್ತದೆ, ಆ ಊರಿನ ಆ ತಿಂಗಳ ಬಾಗಿಲಿಗೆ ತಾನೇ ಬೀಗ ಹಾಕುತ್ತದೆ, ಯಾರಾದರೂ ಎರಡನೇ ಸಲ ಫೈಲು ಇಟ್ಟರೆ ಔಷಧ ಎರಡು ಸಲ ಹೋಗಬಾರದಲ್ಲ, ಎಂಥ ಮುಂದಾಲೋಚನೆ. ಟ್ರಸ್ಟು ನಡೆಸುವ ಕಲ್ಲೇಶಪ್ಪ ಡಾಕ್ಟರು ಬೆನ್ನು ತಟ್ಟಿದರು, ಪಂಚಾಕ್ಷರಪ್ಪನವರೇ, ಇನ್ಮೇಲೆ ಸ್ಟೋರಿನವರು ನಿಮ್ಮ ಮೆಷಿನ್ ಚೀಟಿ ಬಿಟ್ಟು ಬೇರೆ ಯಾರ ಮಾತನ್ನೂ ಕೇಳೋದು ಬೇಡ. ಶಂಕ್ರಮ್ಮ ಮಾತ್ರ ಕೇಳಿದಳು, ಜಗಳೂರು ಪರದೆಯ ಶಂಕ್ರಮ್ಮ, ಹಂಗಾರೆ ನಾವು ಮುಗೀತು ಅಂತ ಹೇಳೋದು ಬ್ಯಾಡೇನ್ರಿ ಸಾರ್? ಬ್ಯಾಡಮ್ಮ, ಅದಕ್ಕೆ ತಾನೇ ಗೊತ್ತಾಗತ್ತೆ. ಖಾಲಿ ಫೈಲು ಇದ್ರೆ? ಖಾಲಿ ಇದ್ರೆ ಮುಟ್ಟಲ್ಲ, ಒಳಗೆ ಏನಾದ್ರೂ ಇರಬೇಕು. ಏನಾದರೂ — ನಾನೇ ಹೇಳಿದ ಮಾತು, ಮೆಷಿನ್ನಿಗೂ ಹಾಗೆಯೇ ಹೇಳಿಕೊಟ್ಟಿದ್ದೆ.

ದಾವಣಗೆರೆ ಸ್ಟ್ಯಾಂಡಿನಲ್ಲಿ ಮಂಡಕ್ಕಿಯ ವಾಸನೆ, ಹಸಿವಿಲ್ಲ, ಜಗಳೂರು ಬಸ್ಸು ಆಗಲೇ ತುಂಬಿದೆ, ಮುದುಕಿಯೊಬ್ಬಳು ಸರಿದು ಜಾಗ ಕೊಟ್ಟಳು, ಕುಂತ್ಕಳಪ್ಪ, ಭಾರ ಐತೆ ನಿನ್ ಕೈಯಾಗೆ. ಕಳೆದ ತಿಂಗಳು, ಅವತ್ತು ಶುಕ್ರವಾರ. ಶುಕ್ರವಾರ ಹತ್ತೂವರೆಗೆ ರಾಹುಕಾಲ ಹಿಡಿಯುತ್ತದೆ, ಕಾರ್ಡು ತರಬೇಕಾದ ಬಸ್ಸು ಇನ್ನೂ ಬಂದಿರಲಿಲ್ಲ, ಶಂಕ್ರಮ್ಮ ಬಾಗಿಲಿಗೂ ಪರದೆಗೂ ತಿರುಗಾಡಿದಳು, ಹೊಸ ತಿಂಗಳ ಕೆಲಸ, ರಾಹುಕಾಲದಾಗೆ ಹೆಂಗೆ ಶುರು ಮಾಡಾದು ಸಾರ್, ರೋಗಿಗಳ ಹೆಸರು ಬೇರೆ. ಆಮೇಲೆ ತನಗೆ ತಾನೇ ಹೊಳೆದಂತೆ ಕೂತಳು, ಫೈಲು ತೆರೆದಳು, ಇಂಗ್ಲಿಷ್ ಅಕ್ಷರದಲ್ಲಿ ಶ್ರೀ ಎಂದು ಹೊಡೆದಳು, ಉಳಿಸಿಟ್ಟಳು. ಶುರು ಮಾಡಿದಂಗಾತು, ಕಾರ್ಡ್ ಬಂದ ಮ್ಯಾಲೆ ಹೆಸರು ತುಂಬ್ತೀನಿ. ನಾನು ಅವಳ ಬೆನ್ನ ಹಿಂದೆಯೇ ನಿಂತಿದ್ದೆ. ಕಪ್ಪು ಪರದೆ, ಮೇಲೆ ಎಡಗಡೆ ಹಸಿರು ಶ್ರೀ, ಅದರ ಕೆಳಗೆ ಹಸಿರು ಗೆರೆಯೊಂದು ಮಿಟುಕುತ್ತಿತ್ತು. ನೋಡಿದೆ. ಕಂಡೂ ಕಾಣದ ಹಾಗಲ್ಲ, ಕಣ್ತುಂಬ ನೋಡಿದೆ, ಒಳ್ಳೇದಾತು ಬಿಡಮ್ಮ, ಮೆಷಿನ್ನಿಗೂ ಪೂಜೆ ಆದಂಗಾತು ಎಂದು ನಗಾಡಿ ಚಹಾಕ್ಕೆ ಹೊರಟೆ. ನಮ್ಮಪ್ಪನೂ ಹಾಗೆಯೇ, ಕಾಗದ ಬರೆಯುವ ಮುಂಚೆ ಶ್ರೀ, ಅಂಗಡಿ ಚೀಟಿಗೂ ಶ್ರೀ, ಶ್ರೀ ಇಲ್ಲದೆ ಕೈ ಏಳದ ಜನ ನಾವು, ಅದರಲ್ಲಿ ತಪ್ಪು ಕಾಣುವುದಾದರೂ ಹೇಗೆ, ತಪ್ಪು ಇಲ್ಲವೇ ಇಲ್ಲ, ಕಾಗದದ ತಲೆಗೆ ಶ್ರೀ ಕಂಡು ಯಾರಾದರೂ ಕಾಗದ ಮುಗಿಯಿತು ಅನ್ನುತ್ತಾರೆಯೇ, ಕೆಳಗೆ ಇತಿ ಎಂದು ಬರೆದಿದೆಯೋ ನೋಡುತ್ತಾರೆ. ನನ್ನ ಕಾವಲು ಇತಿಯನ್ನು ನೋಡಬೇಕಿತ್ತು. ಅದು ಶ್ರೀಯನ್ನು ನೋಡಿತು, ಫೈಲು ಬಂತು, ಖಾಲಿ ಇಲ್ಲ, ಒಳಗೆ ಏನೋ ಇದೆ — ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಮೊದಲ ಸಾಲು ತಲೆಬರಹ ಎಂದು ಬಿಟ್ಟಿತು, ಕೆಳಗೆ ಹೆಸರಿಲ್ಲ, ಜಗಳೂರು, ರೋಗಿಗಳು ಸೊನ್ನೆ, ಅಚ್ಚು, ಬೀಗ. ಮಧ್ಯಾಹ್ನ ಕಾರ್ಡು ಬಂದವು, ಅವಳು ಊಟಕ್ಕೂ ಏಳದೆ ಒಂದೊಂದೇ ಹೆಸರು ಹೊಡೆದಳು, ಹೊಡೆದದ್ದೆಲ್ಲ ಬೀಗ ಹಾಕಿದ ಬಾಗಿಲ ಹೊರಗೆ ಬಿತ್ತು, ಸ್ಟೋರಿನವರು ಸೊನ್ನೆಯ ಚೀಟಿ ನೋಡಿ ಜಗಳೂರಿಗೆ ಡಬ್ಬ ಕಟ್ಟಲೇ ಇಲ್ಲ. ಮುಗೀತ್ರಿ ಸಾರ್ ಎಂದು ಅವಳು ಕೂಗಲಿಲ್ಲ. ಕೂಗಬೇಡ ಎಂದಿದ್ದೆನಲ್ಲ, ನಾನು ಪೇಪರು ಓದುತ್ತಿದ್ದೆ.

ಜಗಳೂರು ಸೆಂಟರಿನ ಕಾಂಪೌಂಡರ್ ಯರ್ರಿಸ್ವಾಮಿ ಇವತ್ತಿನ ಬಸ್ಸಿಗೆ ಬರತ್ತೆ, ನಾಳಿನ ಬಸ್ಸಿಗೆ ಬರತ್ತೆ ಎಂದು ಕಾದನಂತೆ, ಕಾದು ಕಾದು ಟ್ರಂಕ್ ಕಾಲ್ ಬುಕ್ ಮಾಡುವಷ್ಟರಲ್ಲಿ ಇಮಾಮ್‌ಬೀಯ ಮಗಳು ತಾಜ್‌ಬೀ ನಿನ್ನೆ ಖುದ್ದಾಗಿ ಬಂದು ನಿಂತಿದ್ದಳು, ನಮ್ಮ ಕೋಣೆಯ ಹೊಸ್ತಿಲ ಆಚೆ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ನೆಲ ಕೊಳೆಯಾಗುತ್ತದೆಂದು ಒಳಗೆ ಕಾಲಿಡದೆ. ನಮ್ಮಮ್ಮನ ಹೆಸ್ರು ಹೊಡೆದು ಹಾಕಿದ್ರೇನ್ರೀ ಸಾಹೇಬ್ರೇ? ಅಮ್ಮ ಏನ್ ತಪ್ಪು ಮಾಡ್ಯಾಳೆ ಹೇಳ್ರಿ, ಒಂದಿನಾನೂ ಗುಳಿಗೆ ತಪ್ಪಿಸಿಲ್ಲ, ರಂಜಾನ್ ರೋಜಾದಾಗೂ ರಾತ್ರಿ ತಿಂದಾಳೆ. ಅವಳು ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಅವಳು ಕೇಳಿದಳು ಅಷ್ಟೇ. ಇವತ್ತು ಬೆಳಿಗ್ಗೆ ಡಾಕ್ಟರು ಇಳಿದು ಬಂದರು, ಸೊನ್ನೆಯ ಚೀಟಿ ಹಿಡಿದು, ಯಾರು ಮಾಡಿದ್ದು ಇದನ್ನ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ಕೈ ಅಂಗಿಯ ಜೇಬಿಗೆ ಹೋಯಿತು, ಪೆನ್ನು ಸರಿಮಾಡಿಕೊಂಡೆ. ಶಂಕ್ರಮ್ಮ ಎದ್ದು ನಿಂತಳು, ಜಗಳೂರು ನಂದೇ ಸಾರ್, ನಾನೇ ಹೊಡೆದಿದ್ದು. ಅಷ್ಟೇ ಸಾಕಾಯಿತು ಅವರಿಗೆ. ನಾನು ಬಾಯಿ ತೆರೆಯಬೇಕಾಗಿದ್ದ ಜಾಗ ಅದು, ಅಲ್ಲಿ ಒಂದು ನಿಮಿಷ ಖಾಲಿ ಬಿದ್ದಿತ್ತು, ನನಗೇ ಎಂದು ಬಿಟ್ಟ ಹಾಗೆ, ನಾನು ನೆಲ ನೋಡಿದೆ. ಆಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ನೀವು ಔಷಧ ತಗೊಂಡು ಜಗಳೂರಿಗೆ ಹೋಗಿ ಬನ್ನಿ, ಆ ಹೆಣ್ಣುಮಗಳನ್ನ ಇವತ್ತು ಸಂಜೆ ಕೆಲಸದಿಂದ ಬಿಡಿಸಿಬಿಡ್ತೀನಿ, ಪ್ರಾಣದ ಜೊತೆ ಆಟ ಆಡೋದಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಎತ್ತು ಡಬ್ಬ ಹೊತ್ತುಕೊಂಡು ಹೊರಟಿತು. ಮೆಟ್ಟಿಲ ಹತ್ತಿರ ಶಂಕ್ರಮ್ಮ ಕಾದಿದ್ದಳು, ಅಳುತ್ತಿರಲಿಲ್ಲ, ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ ಎಂದು ನನಗೆ ಗೊತ್ತು, ಕೆಲಸದ ಮಾತೇ ಎತ್ತಲಿಲ್ಲ ಅವಳು, ಶ್ರೀ ಬರ್ದಿದ್ದೇ ತಪ್ಪಾತೇನ್ರಿ ಸಾರ್? ಅಷ್ಟು ಕೇಳಿದಳು. ಬಸ್ಸಿಗೆ ಹೊತ್ತಾತಮ್ಮ ಎಂದೆ ನಾನು.

ಜಗಳೂರಿನ ಬಿಸಿಲು ಬೇರೆಯೇ, ಕಣ್ಣು ಕುಕ್ಕುತ್ತದೆ, ಯರ್ರಿಸ್ವಾಮಿ ಡಬ್ಬ ಇಸಕೊಂಡ, ಬಾಳ ತ್ರಾಸಾತ್ರಿ ಸಾರ್ ಈ ಸಲ, ಜನ ಬಂದು ಬಂದು ವಾಪಸ್ ಹೋದ್ರು. ಡಾಕ್ಟ್ರಿಗೆ ಒಂದು ಕಾಲ್ ಬುಕ್ ಮಾಡಪ್ಪ ಎಂದೆ, ನನಗೇ ಆಶ್ಚರ್ಯವಾಯಿತು, ಅರ್ಜೆಂಟೇನ್ರಿ, ಅರ್ಜೆಂಟ್. ಸಂಜೆಯೊಳಗೆ ಹೇಳಬೇಕು. ಕಾಲ್ ಸಿಗುವವರೆಗೆ ಇಮಾಮ್‌ಬೀಯ ಮನೆ, ಮಸೀದಿ ಹಿಂದಿನ ಓಣಿಯಲ್ಲಿ, ತಾಜ್‌ಬೀ ಹೊಲಿಗೆ ಮೆಷಿನ್ನು ಸರಿಸಿ ಚಾಪೆ ಹಾಸಿದಳು, ಮುದುಕಿ ಗೋಡೆಗೆ ಒರಗಿ ಕೂತಿದ್ದಳು, ಕೊರಳ ಮೂಳೆ ಎದ್ದು ಕಾಣುತ್ತಿತ್ತು, ಪಕ್ಕದಲ್ಲಿ ಕಫ ಉಗಿಯಲು ಬೂದಿ ಹಾಕಿದ ತಟ್ಟೆ, ಆ ಕಡೆ ನೋಡಬಾರದು ಅಂದುಕೊಂಡೇ ನೋಡಿದೆ. ನೀವೇ ತಂದ್ರಾ ಅಪ್ಪಾ, ಅಷ್ಟು ದೂರದಿಂದ, ಅಲ್ಲಾ ನಿಮ್ಮನ್ನ ಚೆನ್ನಾಗಿ ಇಟ್ಟಿರ್ಲಿ. ಆ ಹಾರೈಕೆ ಬೇಡ, ಅದನ್ನು ವಾಪಸ್ ಇಟ್ಟುಕೊಳ್ಳಿ ಎಂದು ಒಳಗೇ ಅಂದುಕೊಂಡೆ. ಮತ್ತೆ ಮೊದಲಿಂದ ತಿನ್ನಬೇಕೇನಪ್ಪಾ, ಹಿಂದೆ ತಿಂದಿದ್ದು ಲೆಕ್ಕಕ್ಕೆ ಇಲ್ಲೇನು? ಮೊದಲಿಂದ ಅಮ್ಮಾ. ಈ ಸಲ ಹಿಡಿಯತ್ತಾ? ಗೊತ್ತಿಲ್ಲ, ನನಗೆ ನಿಜಕ್ಕೂ ಗೊತ್ತಿಲ್ಲ, ಹಿಡಿಯತ್ತಮ್ಮಾ ಎಂದೆ. ಕೆಂಪು ಗುಳಿಗೆ ಅಂಗೈಯಲ್ಲಿಟ್ಟುಕೊಂಡಳು, ಬಿಸ್ಮಿಲ್ಲಾ ಎಂದಳು, ಕೆಮ್ಮು ಬಂತು, ಗುಳಿಗೆ ಅಂಗೈಯಲ್ಲೇ ಉಳಿಯಿತು, ದೇವರ ಹೆಸರು ಹೇಳಿಯಾಯಿತು, ಕೆಲಸ ಆಗಿಲ್ಲ — ತಾಜ್‌ಬೀ ಲೋಟ ಹಿಡಿದು ಕಾದಳು, ಮುಗಿಯಿತು ಎಂದು ಲೋಟ ಕೆಳಗಿಡಲಿಲ್ಲ, ಅಮ್ಮನ ಮುಖವನ್ನೇ ನೋಡುತ್ತ ಕಾದಳು, ಕೆಮ್ಮು ತಗ್ಗಿತು, ಮುದುಕಿ ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದಳು, ನುಂಗಿದ್ಯಾ, ನುಂಗ್ದೆ, ಬಾಯಿ ತಗಿ ನೋಡಾನ. ಆಮೇಲೆ ಲೋಟ ಕೆಳಗಿಟ್ಟಳು.

ಹೇಳುತ್ತೇನೆ, ಓಣಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೇ ಬಂದೆ, ಸಾರ್ ತಪ್ಪು ಶಂಕ್ರಮ್ಮಂದಲ್ಲ, ಕಾವಲು ಬರೆದವನು ನಾನು, ಮುಗೀತು ಅನ್ನೋ ಮಾತನ್ನ ತೆಗೆದವನು ನಾನು, ಅವಳು ಶ್ರೀ ಬರೆದಾಗ ಹಿಂದೆ ನಿಂತು ನೋಡಿದವನೂ ನಾನೇ, ಆಕೆಯನ್ನು ಬಿಡಿಸಬೇಡಿ, ಇಷ್ಟೇ, ಒಂದು ಉಸಿರಿನ ಮಾತು. ಚನ್ನಗಿರಿ ಸಿಕ್ತು ಬರ್ರಿ ಸಾರ್, ಯರ್ರಿಸ್ವಾಮಿ ರಿಸೀವರ್ ಚಾಚಿ ನಿಂತಿದ್ದಾನೆ, ಆ ಕಡೆ ಗರಗರ, ಜಲ್ಲಿಯ ಮೇಲೆ ಬಸ್ಸು ಹೋದ ಹಾಗೆ, ಹಲೋ, ಹಲೋ, ಯಾರು, ಜೋರಾಗಿ ಮಾತಾಡಿ. ಸಾರ್, ಅಂದೆ. ಜೋರಾಗಿಯೇ ಅಂದೆ. ಮುಂದಿನದು ನಾಲಿಗೆಯ ತುದಿಯಲ್ಲಿದೆ, ತಪ್ಪು, ತಪ್ಪು ಎಂಬುದೇ ಮೊದಲ ಪದ, ಪೆನ್ನು ಸರಿಮಾಡಿಕೊಳ್ಳುತ್ತಿದ್ದೇನೆ ಮತ್ತೆ, ಯಾಕೆ — ಪಂಚಾಕ್ಷರಪ್ಪನವರಾ? ಮುಟ್ಟಿದ್ರಾ? ಸರಿ ಸರಿ, ಗೊತ್ತಾಯ್ತು, ಔಷಧ ಮುಟ್ತು ಅಂತ ತಾನೇ, ಒಳ್ಳೇದಾಯ್ತು, ಇಡ್ತೀನಿ, ಆ ಶಂಕ್ರಮ್ಮನ್ನ ಬಿಡಿಸೋ ಕಾಗದಕ್ಕೆ ಸಹಿ ಹಾಕೋದಿದೆ. ಟಕ್. ಯರ್ರಿಸ್ವಾಮಿ ನೋಡುತ್ತಿದ್ದಾನೆ, ಮಾತು ಮುಗೀತೇನ್ರಿ ಸಾರ್? ರಿಸೀವರ್ ಇನ್ನೂ ಕಿವಿಯಲ್ಲೇ ಇದೆ, ಇನ್ನೊಂದು ಕಾಲ್ ಬುಕ್ ಮಾಡು ಅನ್ನಬೇಕು, ಈಗಲೇ ಅನ್ನಬೇಕು, ಸಂಜೆಗೆ ಇನ್ನೂ ಹೊತ್ತಿದೆ, ಮುಗೀತೇನ್ರಿ, ಕಪ್ಪು ಪರದೆ, ಮೇಲೆ ಎಡಗಡೆ ಶ್ರೀ, ಅದರ ಕೆಳಗೆ ಏನೂ ಇಲ್ಲ, ಹಸಿರು ಗೆರೆ ಮಿಟುಕುತ್ತಿದೆ, ಶ್ರೀ, ಮಿಟುಕುತ್ತಿದೆ, ಶ್ರೀ