ಇಬ್ಬರ ಕಡೆಯಿಂದ ಬಂದದ್ದು

ಮಗಳು ಮೇಘಾಳಿಗೆ ರಕ್ತ ಹಾಕಿಸಲು ನಿರ್ಮಲಾ ಮೂರು ವಾರಕ್ಕೊಮ್ಮೆ ಬ್ಯಾಡಗಿಯಿಂದ ಹಾವೇರಿಯ ಆಸ್ಪತ್ರೆಗೆ ಬರಲು ತೊಡಗಿ ಆರು ವರ್ಷವಾಗಿತ್ತು. ಹುಡುಗಿಗೆ ಈಗ ಏಳು. ಸೂಜಿಗೆ ಅಳುವುದನ್ನು ಅವಳು ಎಂದೋ ಬಿಟ್ಟಿದ್ದಳು. ತಾನೇ ಕೈ ಚಾಚಿ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಅದನ್ನು ನೋಡುವುದೇ ನಿರ್ಮಲಾಗೆ ಹೆಚ್ಚು ಕಷ್ಟ.

ಈ ಸಲ ಗಂಡ ಕೊಟ್ರೇಶನೂ ಬಂದಿದ್ದ. ಮೆಣಸಿನಕಾಯಿ ಮಾರುಕಟ್ಟೆಯ ಹಮಾಲ ಅವನು. “ದಿನಾ ಚೀಲ ಹೊರಾಂವ, ನನಗೇನಾಗೇತಿ?” ಎನ್ನುತ್ತ ರಕ್ತಪರೀಕ್ಷೆಯನ್ನು ವರ್ಷಗಟ್ಟಲೆ ಮುಂದೂಡಿದ್ದ. ಡಾಕ್ಟರು ಗದರಿದ ಮೇಲೆ ಹೋದ ತಿಂಗಳು ಪರೀಕ್ಷೆಗೆ ರಕ್ತ ಕೊಟ್ಟು ಹೋಗಿದ್ದ. ಅವನ ತಾಯಿ ಉಚ್ಚಂಗೆವ್ವನಂತೂ “ನಿನ್ನ ತವರಿನ ರಕ್ತನ ಕೆಟ್ಟದ್ದು” ಎಂದು ಸೊಸೆಗೆ ಅನ್ನದ ದಿನವಿರಲಿಲ್ಲ.

ಆಸ್ಪತ್ರೆಯಲ್ಲಿ ರಕ್ತದ ಕಾಯಿಲೆಯವರಿಗೆ ತಿಳಿಹೇಳುವ ಅಲ್ಮಾಸ ಕೊಟ್ರೇಶನ ವರದಿ ಬಿಚ್ಚಿದಳು.

“ಕುಂದ್ರಿ. ರಕ್ತ ಕೆಂಪಿರೋದು ಹಿಮೋಗ್ಲೋಬಿನ್ ಅನ್ನೋ ಪ್ರೋಟೀನಿನಿಂದ. ಅದನ್ನ ಹೆಂಗ ಮಾಡಬೇಕು ಅನ್ನೋದು ಜೀವಕೋಶದ ಒಳಗ ಬರೆದಿರ್ತೈತಿ. ಅದರದೊಂದು ನಕಲು ಹೊರಗ ಬರ್ತೈತಿ, ಆ ನಕಲಿನ ಪ್ರಕಾರ ಪ್ರೋಟೀನ್ ತಯಾರಾಗ್ತೈತಿ. ಮೇಘಾನ ನಕಲಿನಾಗ ತಗದುಹಾಕಬೇಕಾದ ತುಂಡೊಂದು ಪೂರಾ ಹೋಗಾಂಗಿಲ್ಲ. ಹಿಂಗಾಗಿ ಸಾಕಾಗೋವಷ್ಟು ಹಿಮೋಗ್ಲೋಬಿನ್ ಆಗಾಂಗಿಲ್ಲ. ನಿಮ್ಮ ವರದಿಯೊಳಗೂ ಅದ ತಪ್ಪು ಕಂಡೈತ್ರಿ.”

“ಅಂದ್ರ ತಪ್ಪು ನನ್ನ ಕಡೆಯಿಂದನೂ ಬಂದೈತೇನ್ರಿ?” ಕೊಟ್ರೇಶ ಕೇಳಿದ.

“ಹೌದ್ರಿ. ಒಂದು ನಿಮ್ಮದು, ಒಂದು ಅವರದು. ಒಂದ ಇದ್ರ ಗೊತ್ತಾಗಾಂಗಿಲ್ಲ, ಅದಕ್ಕ ನೀವಿಬ್ರೂ ಗಟ್ಟಿ ಅದೀರಿ. ಎರಡೂ ಕೂಡಿದ್ರ ಹಿಂಗ. ಯಾರೂ ಬೇಕಂತ ಮಾಡಿದ್ದಲ್ರಿ.”

ಈ ಮಾತು ಕೇಳುವ ದಿನ ಬಂದರೆ ಮನೆಯಂಗಳದಲ್ಲಿ ನಿಂತು ಕೂಗಿ ಹೇಳಬೇಕೆಂದು ನಿರ್ಮಲಾ ಎಷ್ಟೋ ಸಲ ಅಂದುಕೊಂಡಿದ್ದಳು. ಈಗ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಎಲ್ಲಾದರೂ ಅಡ್ಡಾದರೆ ಸಾಕೆನಿಸಿತು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತಳು. ಕೊಟ್ರೇಶ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ.

ಮನೆ ಮುಟ್ಟುವಾಗ ಸಂಜೆ. “ಏನಂದ್ರು? ಆಕಿದ ಹೌದಲ್ಲೋ?” ಹೊಸ್ತಿಲಲ್ಲೇ ಉಚ್ಚಂಗೆವ್ವ ಕೇಳಿದಳು.

“ನಂದೂ ಐತಿ ಯವ್ವಾ. ನಿನ್ನಿಂದ ಬಂತೋ ಅಪ್ಪನಿಂದ ಬಂತೋ ಯಾರಿಗ್ಗೊತ್ತು. ಇನ್ನ ಮ್ಯಾಲೆ ಆಕಿಗೆ ಏನೂ ಅನಬ್ಯಾಡ.”

ಮುದುಕಿ ಮೊಮ್ಮಗಳ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಒಳಗೆ ಹೋಗಿ ತಾನೇ ಒಲೆಯ ಮೇಲೆ ರೊಟ್ಟಿಯ ಹಂಚು ಇಟ್ಟಳು. ಬೇರೆ ದಿನವಾಗಿದ್ದರೆ ನಿರ್ಮಲಾ ಓಡಿಹೋಗಿ ಹಿಟ್ಟು ನಾದುತ್ತಿದ್ದಳು. ಇಂದು ಗೋಡೆಯ ಪಕ್ಕ ಮಲಗಿದಲ್ಲಿಂದ ಏಳಲಿಲ್ಲ.

“ಮುಂದಿನ ಸಲ ನಾ ಕರಕೊಂಡು ಹೋಗ್ತೇನಿ. ನೀ ಮನ್ಯಾಗಿರು,” ಎಂದ ಕೊಟ್ರೇಶ.

ಯಾವ ತಾರೀಖಿಗೆ ಹೋಗಬೇಕೆಂದು ಅವನಿಗೆ ಹೇಳಲು ಬಾಯಿ ತೆರೆದಳು. ಹೇಳಿ ಮುಗಿಸುವುದರೊಳಗೆ ನಿದ್ದೆ ಹತ್ತಿತ್ತು.